ಇಬಿ-5 ಹೂಡಿಕೆ ವೀಸಾ: ಬ್ರೆಜಿಲ್‌ನವನಿಗೆ ಬಂತು, ನಮ್ಮವನಿಗೆ ಯಾಕೆ ಬರಲಿಲ್ಲ?

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ, ಈಗ ಇರುವುದು ನ್ಯೂಜೆರ್ಸಿ. ಎಚ್-1ಬಿ ಕೆಲಸದ ವೀಸಾ ಮೇಲಿದ್ದೇನೆ. ಗ್ರೀನ್ ಕಾರ್ಡ್‌ಗಾಗಿ ಇಬಿ-2 ಎಂಬ ಉದ್ಯೋಗದ ಕೆಟಗರಿಯಲ್ಲಿ ಕಂಪನಿ ಹಾಕಿದ ಐ-140 ಅರ್ಜಿ ಅಪ್ರೂವ್ ಆಗಿ ಎಷ್ಟೋ ಕಾಲವಾಯಿತು. ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನನ್ನ ಜಾಗ ಹೇಳುವ ದಿನಾಂಕ, 2016. ಭಾರತದ ಸಾಲು 2025ರಲ್ಲೂ 2013ರ ಹತ್ತಿರ ತೆವಳುತ್ತಿತ್ತು.

ಅದಕ್ಕೇ ಇಬಿ-5, ಅಂದರೆ ಇಲ್ಲಿಯ ಪ್ರಾಜೆಕ್ಟಿಗೆ ದುಡ್ಡು ಹಾಕಿ ಗ್ರೀನ್ ಕಾರ್ಡ್ ಪಡೆಯುವ ದಾರಿಯ ಕಡೆ ಕಣ್ಣು ಹಾಯಿಸಿದ್ದೇನೆ. 8 ಲಕ್ಷ ಡಾಲರ್ ಸಣ್ಣ ಮೊತ್ತ ಅಲ್ಲ. ಇಲ್ಲಿಯ ಉಳಿತಾಯ, ಷೇರು, ಊರಲ್ಲಿರುವ ಒಂದು ಸೈಟು ಎಲ್ಲ ಗುಡಿಸಿದರೆ ಆಗಬಹುದು. ಆದರೆ ಒಂದು ವಿಷಯ ತಲೆ ತಿನ್ನುತ್ತಿದೆ. ನನ್ನ ಜೊತೆ ಕೆಲಸ ಮಾಡುವ ಬ್ರೆಜಿಲ್‌ನವನೊಬ್ಬ 2019ರಲ್ಲಿ ಒಂದು ಹೋಟೆಲ್ ಪ್ರಾಜೆಕ್ಟಿಗೆ ದುಡ್ಡು ಹಾಕಿದ. ಅದೇ ಪ್ರಾಜೆಕ್ಟಿಗೆ, ಅದೇ ಹೊತ್ತಿನಲ್ಲಿ, ನನ್ನ ಪರಿಚಯದ ಆಂಧ್ರದವರೊಬ್ಬರೂ ಹಾಕಿದರು. ಬ್ರೆಜಿಲ್‌ನವನ ಮನೆಯವರಿಗೆಲ್ಲ ಗ್ರೀನ್ ಕಾರ್ಡ್ ಬಂದು ಹಳೆಯ ಮಾತಾಯಿತು. ಇವರು ಇನ್ನೂ ಕಾಯುತ್ತಿದ್ದಾರೆ. ಒಂದೇ ದುಡ್ಡು, ಒಂದೇ ಫಾರಂ. ಯಾಕೆ ಹೀಗೆ? ಏಜೆಂಟರನ್ನು ಕೇಳಿದರೆ 'ಈಗ ಎಲ್ಲ ಫಾಸ್ಟ್ ಆಗಿದೆ ಸರ್' ಅನ್ನುತ್ತಾರೆ. ಅನುಭವ ಇರುವವರು ಹೇಳಿ.

ಸಾಲಿನ ಕೊನೆಯವ

ಮೈಸೂರಿನಿಂದ ಬರೆಯುತ್ತಿದ್ದೇನೆ. ಆ ಆಂಧ್ರದವರ ಜಾಗದಲ್ಲೇ ನಾನೂ ಇರುವುದರಿಂದ ಗೊತ್ತಿರುವುದನ್ನು ಹೇಳುತ್ತೇನೆ.

ಇಲ್ಲಿ ಎರಡು ಗಡಿಯಾರ ಓಡುತ್ತವೆ. ಒಂದು, ನಿಮ್ಮ ಅರ್ಜಿಯನ್ನು ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಇಲಾಖೆ) ಓದಿ ಒಪ್ಪಿಗೆ ಕೊಡುವ ಸಮಯ. ಹಿಂದೆ ಐ-526 ಇತ್ತು, ಈಗ ರೀಜನಲ್ ಸೆಂಟರ್ (ಹಲವರ ಹೂಡಿಕೆ ಒಟ್ಟುಗೂಡಿಸುವ, ಸರ್ಕಾರ ಒಪ್ಪಿದ ಸಂಸ್ಥೆ) ಮೂಲಕ ಹಾಕುವವರಿಗೆ ಐ-526ಇ. ಎರಡನೆಯದು, ಒಪ್ಪಿಗೆ ಸಿಕ್ಕ ಮೇಲೆ ವೀಸಾ ನಂಬರ್‌ಗೆ ಕಾಯುವ ಸಮಯ. ಏಜೆಂಟ್ ಹೇಳುವುದು ಬರೀ ಮೊದಲನೆಯದು. ಬ್ರೆಜಿಲ್‌ನವರಿಗೆ ಎರಡನೆಯ ಗಡಿಯಾರ ಇಲ್ಲವೇ ಇಲ್ಲ ಅನ್ನಬಹುದು. ನಮಗೂ ಚೀನಾದವರಿಗೂ ಅದೇ ದೊಡ್ಡದು.

ಲೆಕ್ಕ ಹೀಗಿದೆ. ಉದ್ಯೋಗ ಆಧಾರಿತ ವೀಸಾ ವರ್ಷಕ್ಕೆ 1,40,000. ಅದರಲ್ಲಿ ಇಬಿ-5ಕ್ಕೆ ಶೇ. 7.1, ಅಂದರೆ 9,940. ಒಂದು ದೇಶಕ್ಕೆ ಶೇ. 7ರ ಮಿತಿ. ಹತ್ತಿರ ಹತ್ತಿರ 700 ಆಯಿತು. ಈ 700ರಲ್ಲಿ ಹೆಂಡತಿ, ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಮೂರು ಜನರ ಸಂಸಾರ ಅಂದುಕೊಂಡರೂ 230 ಹೂಡಿಕೆದಾರರಿಗೆ ಕೋಟಾ ಮುಗಿಯಿತು. ಬ್ರೆಜಿಲ್‌ನಿಂದ ಅಷ್ಟು ಜನ ಬರುವುದಿಲ್ಲ. ನಮ್ಮಲ್ಲಿ ಬರುತ್ತಾರೆ. ಬೇರೆ ದೇಶಗಳು ಬಳಸದೆ ಉಳಿದ ವೀಸಾಗಳು ಮಾತ್ರ ಮಿತಿ ದಾಟಿ, ಹಳೆಯ ದಿನಾಂಕದವರಿಗೆ ಮೊದಲು ಎಂಬಂತೆ ಹಂಚಿಕೆ ಆಗುತ್ತವೆ. ಹಳೆಯ ದಿನಾಂಕ ಇರುವುದು ಯಾರ ಹತ್ತಿರ? ಚೀನಾದವರ ಹತ್ತಿರ. ಅವರಿಗೆ 2015ರ ಮೇ ತಿಂಗಳಲ್ಲೇ ಕಟಾಫ್ ಬಿತ್ತು, ಅಂದರೆ ಇಂಥ ದಿನಾಂಕಕ್ಕಿಂತ ಹಿಂದೆ ಅರ್ಜಿ ಹಾಕಿದವರಿಗೆ ಮಾತ್ರ ವೀಸಾ ಎಂಬ ಗೆರೆ. ವಿಯೆಟ್ನಾಂಗೆ 2018ರಲ್ಲಿ. ಭಾರತಕ್ಕೆ ಮೊದಲ ಸಲ 2019ರ ಜುಲೈ ವೀಸಾ ಬುಲೆಟಿನ್‌ನಲ್ಲಿ (ಈ ಕಟಾಫ್‌ಗಳನ್ನು ತಿಂಗಳು ತಿಂಗಳು ಹೇಳುವ ಪ್ರಕಟಣೆ). ಆಮೇಲೆ ವಿಯೆಟ್ನಾಂ ಸಾಲಿನಿಂದ ಹೊರಗೆ ಬಂತು, ನಾವು ಒಮ್ಮೆ ಹೊರಗೆ ಬಂದು ಮತ್ತೆ ಒಳಗೆ ಹೋದೆವು.

ನನ್ನದು 2019ರ ನವೆಂಬರ್ ಅರ್ಜಿ. ಆ ತಿಂಗಳು 21ರಿಂದ ಕನಿಷ್ಠ ಹೂಡಿಕೆ 5 ಲಕ್ಷದಿಂದ 9 ಲಕ್ಷ ಡಾಲರ್‌ಗೆ ಏರುವುದಿತ್ತು. ಅದಕ್ಕೆ ಮೊದಲು ಎಲ್ಲರೂ ಓಡಿ ಓಡಿ ಹಾಕಿದರು, ನಾನೂ ಹಾಕಿದೆ. ತಮಾಷೆ ನೋಡಿ, 2021ರ ಜೂನ್‌ನಲ್ಲಿ ಕೋರ್ಟ್ ಆ ಏರಿಕೆಯನ್ನೇ ರದ್ದು ಮಾಡಿತು. ಅದೇ ತಿಂಗಳು 30ಕ್ಕೆ ರೀಜನಲ್ ಸೆಂಟರ್ ಕಾನೂನಿನ ಅವಧಿಯೂ ಮುಗಿಯಿತು. 2022ರ ಮಾರ್ಚ್ 15ಕ್ಕೆ ಹೊಸ ಕಾನೂನು ಬರುವ ತನಕ ನಮ್ಮ ಫೈಲ್‌ಗಳು ಕಪಾಟಿನಲ್ಲೇ ಇದ್ದವು.

ನನ್ನ ಅರ್ಜಿ ಒಪ್ಪಿಗೆ ಆಗಿದ್ದು 2025ರ ಶುರುವಿನಲ್ಲಿ. ಆಗ ಭಾರತದ ಕಟಾಫ್ 2022ರ ಜನವರಿ 1 ಇತ್ತು. ಮುಂಬೈ ಇಂಟರ್ವ್ಯೂಗೆ ಕಾಗದಪತ್ರ ಕಳಿಸುತ್ತಿದ್ದಂತೆ ಏಪ್ರಿಲ್ ಬುಲೆಟಿನ್ ಬಂತು. ಕಟಾಫ್ 2019ರ ನವೆಂಬರ್ 1ಕ್ಕೆ ಹಿಂದೆ ಹೋಯಿತು. ಮೇ ತಿಂಗಳಲ್ಲಿ ಇನ್ನೂ ಹಿಂದೆ, 2019ರ ಮೇ 1ಕ್ಕೆ. ಅಕ್ಟೋಬರ್‌ನಲ್ಲಿ ಹೊಸ ವರ್ಷದ ಕೋಟಾ ಬಂದ ಮೇಲೆ ಮತ್ತೆ ಮುಂದೆ ಸರಿಯಿತು. ಈಗ ಇಂಟರ್ವ್ಯೂ ಪತ್ರದ ದಾರಿ ಕಾಯುತ್ತಿದ್ದೇನೆ.

ಮಿರ್ಚಿ ಮಂಡಕ್ಕಿ

ಒಟ್ಟಿನಲ್ಲಿ ಆರೇಳು ಕೋಟಿ ಕೊಟ್ಟು ರೇಷನ್ ಸಾಲಿನಲ್ಲಿ ನಿಲ್ಲುವುದು ಅನ್ನಿ. ಹುಬ್ಬಳ್ಳಿಯಲ್ಲಿ ಈ ದುಡ್ಡಿಗೆ ಒಂದು ಓಣಿ ಕೊಳ್ಳಬಹುದಿತ್ತು. ದುಡ್ಡಿದ್ದವರ ಗೋಳು ಕೇಳಿ ನಮಗೇನು ಆಗಬೇಕಾಗಿದೆ ರೀ.

ಸಾಲಿನ ಕೊನೆಯವ

ಓಣಿ ಕೊಂಡುಕೊಳ್ಳಿ, ನಾನು ಬಾಡಿಗೆಗೆ ಬರುತ್ತೇನೆ.

ಬೇ ಏರಿಯಾ ಭಟ್ಟ

ಒಂದು ಉಪಾಯ ಇದೆ. ಗ್ರೆನಡಾ ದೇಶದ ಪಾಸ್‌ಪೋರ್ಟ್ ದುಡ್ಡು ಕೊಟ್ಟರೆ ಸಿಗುತ್ತದೆ. ಅದನ್ನು ತಗೊಂಡು ಇಬಿ-5 ಹಾಕಿದರೆ ಭಾರತದ ಸಾಲಿನಿಂದ ತಪ್ಪಿಸಿಕೊಳ್ಳಬಹುದು ಅಲ್ವಾ? ಇಲ್ಲದಿದ್ದರೆ ಹೊಸ ಗೋಲ್ಡ್ ಕಾರ್ಡ್ ಇದೆ, 10 ಲಕ್ಷ ಡಾಲರ್ ಕೊಟ್ಟರೆ ಮುಗಿಯಿತು.

ಕುಡ್ಲ ಪೊಣ್ಣು

ಭಟ್ಟರೇ, ಎರಡೂ ಆಗುವುದಿಲ್ಲ. ನಾನು ಟೆಕ್ಸಸ್‌ನಲ್ಲಿ ಒಂದು ಲಾ ಆಫೀಸಿನಲ್ಲಿ ಪ್ಯಾರಾಲೀಗಲ್. ವಕೀಲೆ ಅಲ್ಲ, ಆದರೆ ದಿನಾ ಇದೇ ಫೈಲ್ ನೋಡುತ್ತೇನೆ.

ಗ್ರೀನ್ ಕಾರ್ಡ್ ಕೋಟಾದಲ್ಲಿ ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಯಾರೂ ಕೇಳುವುದಿಲ್ಲ. ಎಲ್ಲಿ ಹುಟ್ಟಿದಿರಿ ಎಂದು ಕೇಳುತ್ತಾರೆ. ಕುಂದಾಪುರದಲ್ಲಿ ಹುಟ್ಟಿದವನು ಗ್ರೆನಡಾದವನಾಗಲಿ, ಕೆನಡಾದವನಾಗಲಿ, ಕೋಟಾಕ್ಕೆ ಭಾರತವೇ. ಗ್ರೆನಡಾ ಪಾಸ್‌ಪೋರ್ಟ್ ಮಾತು ಬರುವುದು ಇ-2 ಎಂಬ ಹೂಡಿಕೆದಾರರ ತಾತ್ಕಾಲಿಕ ವೀಸಾಗೆ. ಅದು ಒಪ್ಪಂದ ಇರುವ ದೇಶದವರಿಗೆ ಮಾತ್ರ. ಭಾರತ, ಚೀನಾ ಆ ಪಟ್ಟಿಯಲ್ಲಿ ಇಲ್ಲ. ಅದಕ್ಕೂ 2022ರ ಕೊನೆಯಲ್ಲಿ ಕೊಕ್ಕೆ ಹಾಕಿದರು. ದುಡ್ಡು ಕೊಟ್ಟು ಪೌರತ್ವ ತಗೊಂಡವರು ಆ ದೇಶದಲ್ಲಿ ಮೂರು ವರ್ಷ ನೆಲೆಸಿರಬೇಕು. ಇ-2 ಗ್ರೀನ್ ಕಾರ್ಡೂ ಅಲ್ಲ.

ಗೋಲ್ಡ್ ಕಾರ್ಡ್ ಅಂದರೆ 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರ ಆದೇಶದಿಂದ ಬಂದದ್ದು. ಅದರಲ್ಲಿ ಕೊಡುವ 10 ಲಕ್ಷ ಹೂಡಿಕೆ ಅಲ್ಲ, ಸರ್ಕಾರಕ್ಕೆ ಕಾಣಿಕೆ. ವಾಪಸ್ ಬರುವುದಿಲ್ಲ. ವೀಸಾ ನಂಬರ್ ಮಾತ್ರ ಇಬಿ-1 ಅಥವಾ ಇಬಿ-2 ಕೋಟಾದಿಂದಲೇ ಬರಬೇಕು. ಭಾರತದಲ್ಲಿ ಹುಟ್ಟಿದವರಿಗೆ ಆ ಎರಡೂ ಸಾಲು ತುಂಬಿವೆ. ಕಾಣಿಕೆ ಹಾಕಿ ಅದೇ ಸಾಲಿನಲ್ಲಿ ನಿಲ್ಲುವುದಕ್ಕೆ ನಾನಂತೂ ಯಾರಿಗೂ ಹೇಳುವುದಿಲ್ಲ.

ತುಂಗೆಯ ದಡ ಅವರೇ, ನಿಮಗೆ ಒಂದು ಪ್ರಶ್ನೆ. ಮದುವೆ ಆಗಿದೆಯಾ? ಹೆಂಡತಿ ಎಲ್ಲಿ ಹುಟ್ಟಿದ್ದು?

ತುಂಗೆಯ ದಡ

ಆಗಿದೆ, 2020ರಲ್ಲಿ. ಅವಳ ಮನೆ ಉಡುಪಿ ಹತ್ತಿರ. ಹುಟ್ಟಿದ್ದು ಮಾತ್ರ ಕುವೈತ್‌ನಲ್ಲಿ. ಮಾವ ಅಲ್ಲಿ ಕೆಲಸದಲ್ಲಿದ್ದರು. ಪಾಸ್‌ಪೋರ್ಟ್ ಭಾರತದ್ದೇ. ಯಾಕೆ?

ಕುಡ್ಲ ಪೊಣ್ಣು

ಕುರ್ಚಿಯಲ್ಲಿ ಸರಿಯಾಗಿ ಕೂತುಕೊಳ್ಳಿ. ನಿಮಗೆ ಇಬಿ-5 ಬೇಕಾಗಿಯೇ ಇಲ್ಲದಿರಬಹುದು.

ಗಂಡ ಹೆಂಡತಿ ಬೇರೆ ಬೇರೆ ದೇಶದಲ್ಲಿ ಹುಟ್ಟಿದ್ದರೆ, ಯಾರ ದೇಶದ ಸಾಲು ಚಿಕ್ಕದೋ ಅದನ್ನು ಇಬ್ಬರೂ ಬಳಸಬಹುದು. ಇದನ್ನು ಕ್ರಾಸ್ ಚಾರ್ಜಬಿಲಿಟಿ ಅನ್ನುತ್ತಾರೆ. ನಿಮ್ಮ ಹೆಂಡತಿ ಕೋಟಾ ಲೆಕ್ಕದಲ್ಲಿ ಕುವೈತ್. ಕುವೈತ್‌ಗೆ ಬೇರೆ ಸಾಲಿಲ್ಲ, 'ಉಳಿದ ಎಲ್ಲ ದೇಶಗಳು' ಎಂಬ ಕಾಲಂಗೆ ಬರುತ್ತದೆ. 2025ರ ಬುಲೆಟಿನ್‌ಗಳಲ್ಲಿ ಆ ಕಾಲಂನ ಇಬಿ-2 ಕಟಾಫ್ ಹೆಚ್ಚಾಗಿ 2023ರಲ್ಲೇ ಇತ್ತು. ನಿಮ್ಮದು 2016. ಅಂದರೆ ನೀವು ಈಗಾಗಲೇ ಕಂಪನಿ ಹಾಕಿರುವ ಇಬಿ-2 ಮೇಲೆಯೇ ಐ-485, ಅಂದರೆ ಗ್ರೀನ್ ಕಾರ್ಡ್‌ನ ಕೊನೆಯ ಹಂತದ ಅರ್ಜಿ, ಹಾಕಬಹುದು. 8 ಲಕ್ಷ ಡಾಲರ್ ಜೇಬಲ್ಲೇ ಇರುತ್ತದೆ.

ಷರತ್ತು ಇದೆ. ಇಬ್ಬರ ಅರ್ಜಿಯೂ ಜೊತೆಯಲ್ಲಿ ಹೋಗಬೇಕು, ಜೊತೆಯಲ್ಲೇ ಮಂಜೂರಾಗಬೇಕು. ಮಕ್ಕಳ ಹುಟ್ಟೂರನ್ನು ಅಪ್ಪ ಅಮ್ಮ ಬಳಸುವಂತಿಲ್ಲ. ಅಪ್ಪ ಅಮ್ಮನದನ್ನು ಮಕ್ಕಳು ಬಳಸಬಹುದು. ನಿಮ್ಮ ಐ-140 ಮದುವೆಗೆ ಮುಂಚೆ ಆಗಿದ್ದರಿಂದ ಕಂಪನಿಯ ವಕೀಲರು ಹೆಂಡತಿಯ ವಿಷಯ ಕೇಳುವ ಸಂದರ್ಭವೇ ಬಂದಿರಲಿಕ್ಕಿಲ್ಲ. ಈಗ ನೀವೇ ಹೋಗಿ ಹೇಳಿ.

ನಮ್ಮ ಕರಾವಳಿಯವರಲ್ಲಿ ಇದು ಅಪರೂಪದ ಕೇಸಲ್ಲ. ಕುವೈತ್, ಬಹ್ರೇನ್, ಮಸ್ಕತ್, ದುಬೈನಲ್ಲಿ ಹುಟ್ಟಿ ಮಂಗಳೂರು, ಉಡುಪಿ, ಭಟ್ಕಳದಲ್ಲಿ ಬೆಳೆದವರು ಎಷ್ಟು ಜನ! ಮನೆಯಲ್ಲಿ ಬ್ಯಾರಿ, ಕೊಂಕಣಿ, ತುಳು, ಕನ್ನಡ. ಅಮೆರಿಕದ ಲೆಕ್ಕದಲ್ಲಿ ಅರಬರು. ಮದುವೆ ಮಾರ್ಕೆಟ್‌ನಲ್ಲಿ ಇದಕ್ಕೆ ಇನ್ನೂ ರೇಟ್ ಬಂದಿಲ್ಲ ಅನ್ನುವುದೇ ಆಶ್ಚರ್ಯ.

ತುಂಗೆಯ ದಡ

ನಂಬುವುದಕ್ಕೇ ಆಗುತ್ತಿಲ್ಲ. ಅವಳಿಗೆ ಓದಿ ಹೇಳಿದೆ. 'ಇಷ್ಟು ದಿನ ನನ್ನನ್ನು ಕೇಳಬಾರದಿತ್ತಾ' ಅನ್ನುತ್ತಿದ್ದಾಳೆ. ಆದರೆ ಒಂದು ತೊಡಕು. 1990ರ ಆಗಸ್ಟ್‌ನಲ್ಲಿ ಇರಾಕ್ ನುಗ್ಗಿದಾಗ ಮಾವನವರು ಉಟ್ಟ ಬಟ್ಟೆಯಲ್ಲಿ ಜೋರ್ಡಾನ್‌ಗೆ ದಾಟಿ ಅಮ್ಮಾನ್‌ನಿಂದ ವಿಮಾನ ಹತ್ತಿ ಬಂದವರು. ಕುವೈತ್‌ನ ಜನನ ಪತ್ರ ಮನೆಯಲ್ಲಿ ಇಲ್ಲ. ಪಾಸ್‌ಪೋರ್ಟ್‌ನಲ್ಲಿ ಮಾತ್ರ ಹುಟ್ಟಿದ ಸ್ಥಳ ಕುವೈತ್ ಎಂದಿದೆ.

ಕುಡ್ಲ ಪೊಣ್ಣು

ಪಾಸ್‌ಪೋರ್ಟ್ ಒಂದೇ ಸಾಲುವುದಿಲ್ಲ. ಕುವೈತ್‌ನ ಆರೋಗ್ಯ ಸಚಿವಾಲಯದ ಜನನ ಮರಣ ವಿಭಾಗದಿಂದ ಪ್ರತಿ ತೆಗೆಸಲು ಪ್ರಯತ್ನಿಸಿ. ಅಲ್ಲಿ ಇನ್ನೂ ನೆಂಟರಿದ್ದರೆ ಕೆಲಸ ಸುಲಭ. ಮಗು ಹುಟ್ಟಿದಾಗ ಮಾವನವರು ಭಾರತದ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಿರಬಹುದು, ಅದನ್ನೂ ಕೇಳಿ. ಯಾವುದೂ ಸಿಗದಿದ್ದರೆ 'ದಾಖಲೆ ಲಭ್ಯವಿಲ್ಲ' ಎಂದು ಅಲ್ಲಿಂದಲೇ ಪತ್ರ ಪಡೆದು, ಜೊತೆಗೆ ಶಾಲೆಯ ದಾಖಲೆ, ಹುಟ್ಟಿದ್ದು ಬಲ್ಲ ಹಿರಿಯರ ಅಫಿಡವಿಟ್ ಕೊಡಬಹುದು.

ಬೆಣ್ಣೆದೋಸೆ ದಾವಣಗೆರೆ

ಅವರ ಪುಣ್ಯ ದೊಡ್ಡದು. ನಮ್ಮ ಮನೆಯಲ್ಲಿ ಎಲ್ಲರೂ ಚನ್ನಗಿರಿ ಆಸ್ಪತ್ರೆಯಲ್ಲೇ ಹುಟ್ಟಿದವರು. ನಮಗೆ ಏನು ದಾರಿ?

ಮಗ ಅರಿಜೋನಾದಲ್ಲಿ ಓದುತ್ತಿದ್ದಾನೆ, ಎಫ್-1 ವಿದ್ಯಾರ್ಥಿ ವೀಸಾ. 20 ತುಂಬಿದೆ. ಅಡಿಕೆ ತೋಟ ಸ್ವಲ್ಪ ಮಾರಿ ಇಬಿ-5 ಹಾಕೋಣ ಅಂತಿದ್ದೇನೆ. 'ರೂರಲ್' ಪ್ರಾಜೆಕ್ಟಿಗೆ ಹಾಕಿದರೆ ಭಾರತದವರಿಗೂ ಸಾಲಿಲ್ಲ ಅನ್ನುತ್ತಾರೆ. ನಿಜವಾ? ಅರ್ಜಿ ನನ್ನ ಹೆಸರಲ್ಲೋ ಅವನ ಹೆಸರಲ್ಲೋ?

ಸಾಲಿನ ಕೊನೆಯವ

ಅರ್ಧ ನಿಜ. 2022ರ ಕಾನೂನು ಇಬಿ-5 ವೀಸಾಗಳಲ್ಲಿ ಶೇ. 20 ಹಳ್ಳಿ ಪ್ರದೇಶದ ಪ್ರಾಜೆಕ್ಟ್‌ಗಳಿಗೆ, ಶೇ. 10 ನಿರುದ್ಯೋಗ ಜಾಸ್ತಿ ಇರುವ ಪ್ರದೇಶಕ್ಕೆ, ಶೇ. 2 ಸರ್ಕಾರಿ ಮೂಲಸೌಕರ್ಯಕ್ಕೆ ತೆಗೆದಿಟ್ಟಿತು. ಈ ಮೂರರಲ್ಲೂ ಹೂಡಿಕೆ 8 ಲಕ್ಷ, ಬೇರೆ ಕಡೆ 10 ಲಕ್ಷ 50 ಸಾವಿರ. 2025ರ ಬುಲೆಟಿನ್‌ಗಳಲ್ಲಿ ಈ ಮೂರು ಸಾಲಿನಲ್ಲೂ ಭಾರತ, ಚೀನಾ ಎರಡಕ್ಕೂ 'ಸಿ', ಅಂದರೆ ಕರೆಂಟ್ ಇತ್ತು. ನಮ್ಮಂಥ ಹಳಬರು ಹಳೆಯ ಸಾಲಿನಲ್ಲೇ ಉಳಿದೆವು, ಹೊಸಬರು ಪಕ್ಕದ ಬಾಗಿಲಿನಿಂದ ಒಳಗೆ ಹೋದರು. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಹಳ್ಳಿ ಪ್ರಾಜೆಕ್ಟಿನ ಅರ್ಜಿಗಳನ್ನು ಮೊದಲು ನೋಡಬೇಕು ಎಂದು ಕಾನೂನಿನಲ್ಲೇ ಬರೆದಿದೆ. ಅದರಿಂದ ಮೊದಲ ಗಡಿಯಾರ ಬೇಗ ಓಡುತ್ತದೆ. ಆದರೆ ಲೆಕ್ಕ ಮಾಡಿ: 9,940ರ ಶೇ. 20 ಅಂದರೆ 1,988. ಅದರ ಶೇ. 7 ಅಂದರೆ ಒಂದು ದೇಶಕ್ಕೆ 139 ವೀಸಾ. ಬೇರೆ ದೇಶದವರು ಬಿಟ್ಟದ್ದು ಸಿಗುತ್ತದೆ, ನಿಜ. ಆದರೆ ಎಲ್ಲ ಏಜೆಂಟರೂ ಬೆಂಗಳೂರು, ಹೈದರಾಬಾದ್, ಶಾಂಘೈ ಹೋಟೆಲುಗಳಲ್ಲಿ ಅದೇ 'ರೂರಲ್' ಮಾರುತ್ತಿದ್ದಾರೆ. ಕಟಾಫ್ ಬಿದ್ದರೆ ಮೊದಲು ಬೀಳುವುದು ಚೀನಾಕ್ಕೆ, ಆಮೇಲೆ ನಮಗೆ. ಬ್ರೆಜಿಲ್, ಕೊರಿಯಾ, ತೈವಾನ್‌ನವರಿಗೆ ಆ ಚಿಂತೆ ಇಲ್ಲ. ತೈವಾನ್‌ಗೆ ಚೀನಾದಿಂದ ಬೇರೆಯೇ ಕೋಟಾ.

ಇನ್ನೊಂದು ಮಾತು. 2020ರ ಮಾರ್ಚ್ 31ರಿಂದ ಐ-526 ಅರ್ಜಿಗಳನ್ನು ಬಂದ ಕ್ರಮದಲ್ಲಿ ನೋಡುವುದನ್ನು ನಿಲ್ಲಿಸಿದರು. ಯಾವ ದೇಶದವರಿಗೆ ವೀಸಾ ಖಾಲಿ ಇದೆಯೋ ಅವರದ್ದನ್ನು ಮೊದಲು ತೆಗೆಯುತ್ತಾರೆ. ಹೀಗಾಗಿ ಮೊದಲ ಗಡಿಯಾರವೂ ದೇಶದಿಂದ ದೇಶಕ್ಕೆ ಬೇರೆ ಆಯಿತು. ಚೀನಾದ ಫೈಲ್ ಕೆಳಗೆ, ನಿನ್ನೆ ಮೊನ್ನೆ ಬಂದ ಬೇರೆ ದೇಶದ ಫೈಲ್ ಮೇಲೆ. 'ನನ್ನ ಫ್ರೆಂಡ್‌ಗೆ ಇಷ್ಟೇ ತಿಂಗಳಲ್ಲಿ ಆಯಿತು' ಎಂದು ಯಾರಾದರೂ ಹೇಳಿದರೆ ಅವನ ದೇಶ, ಅರ್ಜಿ ಹಾಕಿದ ವರ್ಷ, ಯಾವ ಕೆಟಗರಿ ಎಂದು ಕೇಳದೆ ನಂಬಬೇಡಿ.

ಕುಡ್ಲ ಪೊಣ್ಣು

ದಾವಣಗೆರೆಯವರಿಗೆ: ಮಗನಿಗೆ 20 ತುಂಬಿದೆ ಅಂದರೆ ಅವನ ಹೆಸರಲ್ಲೇ ಹಾಕುವುದು ಒಳ್ಳೆಯದು. ನೀವು ಅರ್ಜಿದಾರರಾಗಿ ಅವನು ನಿಮ್ಮ ಮಗನಾಗಿ ಬರಬೇಕಾದರೆ 21ರ ಗೆರೆ ಇದೆ. ಅರ್ಜಿ ಬಾಕಿ ಇದ್ದಷ್ಟು ಕಾಲವನ್ನು ವಯಸ್ಸಿನಿಂದ ಕಳೆಯುತ್ತಾರೆ. ಒಪ್ಪಿಗೆ ಆದ ದಿನದಿಂದ, ವೀಸಾ ನಂಬರ್ ಇಲ್ಲದಿದ್ದರೆ, ವಯಸ್ಸು ಮತ್ತೆ ಓಡಲು ಶುರು. ಇಲ್ಲೇ ನೋಡಿ ವಿಚಿತ್ರ. ಕೊರಿಯಾದ ಅಪ್ಪನಿಗೆ ಅರ್ಜಿ ಬೇಗ ಒಪ್ಪಿಗೆ ಆದರೆ ಹಬ್ಬ. ಹಳೆಯ ಸಾಲಿನಲ್ಲಿರುವ ಭಾರತದ ಅಪ್ಪನಿಗೆ ಬೇಗ ಒಪ್ಪಿಗೆ ಆದರೆ ಮಗ ಕೈಬಿಟ್ಟು ಹೋಗುವ ಭಯ. ತಮ್ಮ ಫೈಲ್ ನಿಧಾನ ಆಗಲಿ ಎಂದು ಹರಕೆ ಹೊತ್ತವರನ್ನು ನಾನು ನೋಡಿದ್ದೇನೆ. 2025ರ ಆಗಸ್ಟ್ 15ರಿಂದ ಈ ವಯಸ್ಸಿನ ಲೆಕ್ಕಕ್ಕೆ ಬುಲೆಟಿನ್‌ನ ಫೈನಲ್ ಆಕ್ಷನ್ ಚಾರ್ಟ್ (ವೀಸಾ ನಿಜವಾಗಿ ಕೊಡುವ ದಿನಾಂಕಗಳ ಪಟ್ಟಿ) ಒಂದನ್ನೇ ನೋಡುತ್ತಾರೆ, ಅದೂ ಬಿಗಿಯಾಯಿತು.

ಮಗನೇ ಅರ್ಜಿದಾರನಾದರೆ ಈ ತಲೆನೋವು ಇಲ್ಲ. ಅವನು ಅಮೆರಿಕದಲ್ಲೇ ಇರುವುದರಿಂದ, ಆ ಕೆಟಗರಿ ಕರೆಂಟ್ ಇರುವ ತನಕ, ಐ-526ಇ ಜೊತೆಗೇ ಐ-485 ಕೂಡ ಹಾಕಬಹುದು. ಕೆಲಸದ ಪರ್ಮಿಟ್, ಪ್ರಯಾಣದ ಪರ್ಮಿಟ್ ಅದರ ಮೇಲೆ ಸಿಗುತ್ತವೆ. ಎಚ್-1ಬಿ ಲಾಟರಿ ಹಂಗು ಇರುವುದಿಲ್ಲ. ನಿಮಗೆ ಇಬ್ಬರಿಗೂ ಗ್ರೀನ್ ಕಾರ್ಡ್ ಮಾತ್ರ ಇದರಲ್ಲಿ ಬರುವುದಿಲ್ಲ.

ಬೆಣ್ಣೆದೋಸೆ ದಾವಣಗೆರೆ

ನಮಗೆ ಬೇಡ ತಾಯಿ. ತೋಟ ಬಿಟ್ಟು ಎಲ್ಲಿಗೆ ಹೋಗುವುದು.

ಲೆಕ್ಕದ ಪುಸ್ತಕ

ನಾನು ಬಸವನಗುಡಿಯ ಸಿಎ. ದುಡ್ಡಿನ ದಾರಿಯ ಬಗ್ಗೆ ಯಾರೂ ಬರೆಯಲಿಲ್ಲ. ದೇಶದಿಂದ ದೇಶಕ್ಕೆ ಸಮಯ ಬೇರೆ ಆಗುವುದಕ್ಕೆ ಇದೂ ಕಾರಣ.

ಕೊರಿಯಾದವನು ಮನೆ ಮಾರಿ ಬ್ಯಾಂಕಿನಿಂದ ಒಂದೇ ಸಲ ಕಳಿಸಿದರೆ ಕಾಗದಪತ್ರ ತೆಳ್ಳಗೆ. ಚೀನಾದಲ್ಲಿ ಒಬ್ಬರು ವರ್ಷಕ್ಕೆ 50 ಸಾವಿರ ಡಾಲರ್ ಮಾತ್ರ ಕೊಳ್ಳಬಹುದು. ಅವರು ನೆಂಟರು, ಸ್ನೇಹಿತರ ಹೆಸರಲ್ಲಿ ಚೂರು ಚೂರು ಮಾಡಿ ಕಳಿಸುತ್ತಾರೆ. ಪ್ರತಿ ಚೂರಿಗೂ ಪ್ರಶ್ನೆ. ನಮ್ಮದು ನಡುವೆ. ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕ್ ಯೋಜನೆ) ಪ್ರಕಾರ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್. ಗಂಡ ಹೆಂಡತಿ ಮಾರ್ಚ್‌ನಲ್ಲಿ 5 ಲಕ್ಷ, ಏಪ್ರಿಲ್‌ನಲ್ಲಿ ಮತ್ತೆ 5 ಲಕ್ಷ ಮಗನಿಗೆ ಗಿಫ್ಟ್ ಆಗಿ ಕಳಿಸಬಹುದು. 8 ಲಕ್ಷ ಮತ್ತು ಪ್ರಾಜೆಕ್ಟಿನವರ ಶುಲ್ಕ ಅದರಲ್ಲಿ ಆಗುತ್ತದೆ. ಬ್ಯಾಂಕ್ ಸಾಲ ತೆಗೆದು ಎಲ್‌ಆರ್‌ಎಸ್‌ನಲ್ಲಿ ಹೂಡಿಕೆಗೆ ಕಳಿಸಲು ಬ್ಯಾಂಕ್ ಬಿಡುವುದಿಲ್ಲ, ರಿಸರ್ವ್ ಬ್ಯಾಂಕ್ ನಿಯಮ.

ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕ್ ಹಿಡಿಯುವ ತೆರಿಗೆ, ಮರೆಯಬೇಡಿ. 10 ಲಕ್ಷ ರೂಪಾಯಿ ಮೇಲೆ ಶೇ. 20. ಡಾಲರ್‌ಗೆ 88 ರೂಪಾಯಿ ಅಂದುಕೊಂಡರೆ ಒಬ್ಬರ ಪಾಲು 2 ಕೋಟಿ 20 ಲಕ್ಷ, ಅದಕ್ಕೆ ಟಿಸಿಎಸ್ 42 ಲಕ್ಷ. ರಿಟರ್ನ್ಸ್ ಹಾಕಿದಾಗ ತೆರಿಗೆಗೆ ಹೊಂದಿಸಬಹುದು, ಮಿಕ್ಕಿದ್ದು ವಾಪಸ್ ಬರುತ್ತದೆ. ಆದರೆ ಅಲ್ಲಿಯ ತನಕ ಆ ದುಡ್ಡು ನಿಮ್ಮ ಕೈಯಲ್ಲಿ ಇರುವುದಿಲ್ಲ. ಬಜೆಟ್ ಹಾಕುವಾಗ ಇದನ್ನು ಬಿಟ್ಟು ಒದ್ದಾಡುವವರೇ ಜಾಸ್ತಿ.

ಕೃಷಿಕರಿಗೆ ಇನ್ನೊಂದು ಪೇಚು. ಹೊಸ ಕಾನೂನು ಏಳು ವರ್ಷದ ತೆರಿಗೆ ರಿಟರ್ನ್ಸ್ ಕೇಳುತ್ತದೆ. ನಮ್ಮಲ್ಲಿ ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ, ಎಷ್ಟೋ ಜನ ರಿಟರ್ನ್ಸ್ ಹಾಕಿರುವುದಿಲ್ಲ. ಅಮೆರಿಕದ ಅಧಿಕಾರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಪಹಣಿ, ಮ್ಯುಟೇಶನ್, ಇಸಿ, ಮಂಡಿಯ ಬಿಲ್ಲು, ಸೊಸೈಟಿ ಪಾಸ್‌ಬುಕ್ ಎಲ್ಲ ಜೋಡಿಸಿ, ಕನ್ನಡದಲ್ಲಿರುವುದನ್ನೆಲ್ಲ ಇಂಗ್ಲಿಷ್‌ಗೆ ಅನುವಾದ ಮಾಡಿಸಿ ದೃಢೀಕರಿಸಿ ಕೊಡಬೇಕು. ತೆರಿಗೆ ಯಾಕಿಲ್ಲ ಎಂದು ನಮ್ಮಂಥವರ ಪತ್ರವೂ ಬೇಕು. ಇನ್ನು ಸೈಟು ಮಾರುವಾಗ ಅರ್ಧ ಬಿಳಿ, ಅರ್ಧ ಕಪ್ಪು ಮಾಡಿದರೆ ಆ ಕಪ್ಪು ಅರ್ಧಕ್ಕೆ ಇಲ್ಲಿ ಬೆಲೆ ಸೊನ್ನೆ. ಪೂರ್ತಿ ಚೆಕ್‌ನಲ್ಲಿ ತಗೊಳ್ಳುವ ಗಿರಾಕಿ ಸಿಗುವ ತನಕ ಮಾರಬೇಡಿ.

ಮಿರ್ಚಿ ಮಂಡಕ್ಕಿ

ಪೂರ್ತಿ ಚೆಕ್‌ನಲ್ಲಿ ಸೈಟು ತಗೊಳ್ಳುವ ಗಿರಾಕಿ! ವೀಸಾಗಿಂತ ಅದಕ್ಕೇ ಜಾಸ್ತಿ ಕಾಯಬೇಕಾಗುತ್ತದೆ.

ಬೇ ಏರಿಯಾ ಭಟ್ಟ

ಅಂದರೆ ಇರಾನ್‌ನಂಥ ದೇಶದವರಿಗೆ ಹೇಗೆ? ಅಲ್ಲಿಂದ ಬಂದವರು ಇಲ್ಲಿ ಬೇಕಾದಷ್ಟು ಜನ ಇದ್ದಾರಲ್ಲ.

ಕುಡ್ಲ ಪೊಣ್ಣು

ಅವರಿಗೆ ಕೋಟಾ ಸಾಲಿಲ್ಲ, ಆದರೆ ಬೇರೆ ಗೋಡೆ ಇದೆ. ದುಡ್ಡು ಅಮೆರಿಕದ ನಿರ್ಬಂಧಗಳನ್ನು ದಾಟಿ ಬರಬೇಕು, ಭದ್ರತಾ ತಪಾಸಣೆ ಉದ್ದ. ಮೇಲಿಂದ 2025ರ ಜೂನ್‌ನಲ್ಲಿ ಬಂದ ಪ್ರವೇಶ ನಿಷೇಧದ ಪಟ್ಟಿಯಲ್ಲಿ ಇರಾನ್ ಇದೆ. ಗಮನಿಸಿ, ಕೋಟಾ ನೋಡುವುದು ಹುಟ್ಟಿದ ಜಾಗ, ಈ ನಿಷೇಧ ನೋಡುವುದು ಪೌರತ್ವ.

ಬೆಣ್ಣೆದೋಸೆ ದಾವಣಗೆರೆ

ಕೊನೆಯದಾಗಿ ಒಂದು ಪ್ರಶ್ನೆ. 2027ಕ್ಕೆ ಕಾನೂನು ಮುಗಿಯುತ್ತದಂತೆ. ಮಧ್ಯದಲ್ಲಿ ನಿಂತರೆ ಮೈಸೂರಿನವರ ಗತಿಯೇ ನಮಗೂ ಅಲ್ವಾ?

ಸಾಲಿನ ಕೊನೆಯವ

ರೀಜನಲ್ ಸೆಂಟರ್ ಅವಧಿ 2027ರ ಸೆಪ್ಟೆಂಬರ್ 30ರ ತನಕ. ನಮ್ಮ ಸಲ ಆದದ್ದು ಮತ್ತೆ ಆಗಬಾರದೆಂದು, 2026ರ ಸೆಪ್ಟೆಂಬರ್ 30ರ ಒಳಗೆ ಹಾಕಿದ ಅರ್ಜಿಗಳನ್ನು ಕಾನೂನು ನಿಂತರೂ ನೋಡಲೇಬೇಕು ಎಂದು ಸೇರಿಸಿದ್ದಾರೆ. ಆ ದಿನಾಂಕದ ಹತ್ತಿರ 2019ರ ನವೆಂಬರ್ ಥರ ನೂಕುನುಗ್ಗಲು ಆಗುತ್ತದೆ ಎಂದೇ ನನ್ನ ಅಂದಾಜು. ಹಾಕುವುದಾದರೆ ಅದಕ್ಕೆ ಸಾಕಷ್ಟು ಮುಂಚೆ ಹಾಕಿ. ಪ್ರಾಜೆಕ್ಟಿನವರು 'ಭಾರತದವರಿಗೆ ಇಷ್ಟೇ ತಿಂಗಳು' ಎಂದು ಬರೆದುಕೊಡಲು ತಯಾರಿದ್ದಾರಾ ಕೇಳಿ ನೋಡಿ. ನನಗೆ ಮಾರಿದವರು ಬಾಯಲ್ಲಿ ಹೇಳಿದ್ದರು, ಕಾಗದದ ಮೇಲೆ ಮಾತ್ರ ಕೊಡಲಿಲ್ಲ.

ತುಂಗೆಯ ದಡ

ಅಪ್‌ಡೇಟ್: ಕಂಪನಿಯ ವಕೀಲರಿಗೆ ಮೇಲ್ ಹಾಕಿದೆ. ಹೆಂಡತಿಯ ಜನನ ಪತ್ರ ಕಳಿಸಿ, ಮುಂದಿನ ಬುಲೆಟಿನ್ ನೋಡಿ ಇಬ್ಬರ ಐ-485 ಜೊತೆಯಲ್ಲಿ ತಯಾರು ಮಾಡೋಣ ಎಂದರು. ಮಾವನವರ ತಮ್ಮ ಇನ್ನೂ ಕುವೈತ್‌ನ ಸಾಲ್ಮಿಯಾದಲ್ಲಿದ್ದಾರೆ, ಸಚಿವಾಲಯಕ್ಕೆ ಹೋಗಿ ವಿಚಾರಿಸುತ್ತೇನೆ ಎಂದಿದ್ದಾರೆ. ಆಸ್ಪತ್ರೆಯ ಹೆಸರು ಅತ್ತೆಗೆ ನೆನಪಿದೆ, ವಾರ್ಡ್ ನಂಬರ್ ಸಮೇತ. ಕುಡ್ಲದವರೇ, ಅತ್ತೆಯ ಅಫಿಡವಿಟ್ ಈಗಲೇ ಮಾಡಿಸಿ ಇಟ್ಟುಕೊಳ್ಳಲಾ, ಅಥವಾ ಪತ್ರ ಬರುವ ತನಕ ಕಾಯಲಾ?

ಕುಡ್ಲ ಪೊಣ್ಣು

ಈಗಲೇ ಮಾಡಿಸಿ. ಆಗ ಜೊತೆಗಿದ್ದ ಇನ್ನೊಬ್ಬರದ್ದೂ ಒಂದು ಬೇಕು. ಹುಟ್ಟಿದ ದಿನ, ಆಸ್ಪತ್ರೆ, ಅಪ್ಪ ಅಮ್ಮನ ಹೆಸರು, ತಮಗೆ ಇದು ಹೇಗೆ ಗೊತ್ತು ಎಂಬುದು ಅದರಲ್ಲಿ ಇರಲಿ. ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಬರೆಸಿ.